ಅಮ್ಮನ ಮರಣಶಾಸನಕ್ಕೆ ನಾನೇ ಸಾಕ್ಷಿ

ನನ್ನ ಪಾಲಿಗೆ ಬರಬಹುದಾಗಿದ್ದ ಮನೆಯನ್ನು ಇನ್ನೊಬ್ಬರ ಹೆಸರಿಗೆ ಬರೆಸಲು ಅಮ್ಮನನ್ನು ನನ್ನದೇ ಕಾರಿನಲ್ಲಿ, ನನ್ನದೇ ಪೆಟ್ರೋಲು ಸುಟ್ಟು, ವಕೀಲರ ಮೆಟ್ಟಿಲಿನವರೆಗೆ ಕರೆದುಕೊಂಡು ಹೋದವಳು ನಾನು. ಇದನ್ನು ಹೇಳಿದಾಗಲೆಲ್ಲ ಕೇಳಿದವರಲ್ಲಿ ಅರ್ಧ ಜನ ನನ್ನನ್ನು ತ್ಯಾಗಮಯಿ ಎನ್ನುತ್ತಾರೆ, ಉಳಿದವರು ಪೆದ್ದು ಎನ್ನುತ್ತಾರೆ. ಎರಡೂ ಸರಿಯಲ್ಲ. ಅಮ್ಮನಿಗೆ ಬಸ್ಸು ಹತ್ತಲು ಆಗುತ್ತಿರಲಿಲ್ಲ, ರಿಕ್ಷಾದಲ್ಲಿ ಕೂತರೆ ಸೊಂಟ ಹಿಡಿಯುತ್ತಿತ್ತು, ಕಾರು ಇದ್ದದ್ದು ನನ್ನ ಹತ್ತಿರ. ಅಷ್ಟೇ ವಿಷಯ. ಲೋಕದ ಎಷ್ಟೋ ಘನಕಾರ್ಯಗಳ ಹಿಂದೆ ಇಂಥದೇ ಒಂದು ಸೊಂಟನೋವು ಇರುತ್ತದೆ ಎಂದು ನನ್ನ ಗುಮಾನಿ.

ನಾನಿರುವುದು ಮಣಿಪಾಲದಲ್ಲಿ. ಅಲ್ಲಿನ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಹುಟ್ಟಿದವರ, ಗುಣವಾಗಿ ಹೋದವರ, ಹೋಗಿಯೇಬಿಟ್ಟವರ ಕಾಗದಪತ್ರಗಳನ್ನು ಜೋಡಿಸಿಡುವುದೇ ನನ್ನ ಉದ್ಯೋಗವಾಗಿತ್ತು. ಆದ್ದರಿಂದ ನಮ್ಮ ಬಂಧುಬಳಗದಲ್ಲಿ ಯಾರೇ ತೀರಿಕೊಂಡರೂ ಮೊದಲ ಫೋನು ಪುರೋಹಿತರಿಗೆ, ಎರಡನೆಯದು ನನಗೆ. ಮರಣಪತ್ರಕ್ಕೆ ಎಲ್ಲಿ ಹೋಗಬೇಕು, ಎಷ್ಟು ಪ್ರತಿ ತೆಗೆಸಬೇಕು, ಬ್ಯಾಂಕಿನಲ್ಲಿ ಎಂತ ಕೇಳುತ್ತಾರೆ ಎಂದೆಲ್ಲ ನಾನು ಕಣ್ಣು ಮುಚ್ಚಿ ಹೇಳುತ್ತಿದ್ದೆ. ಒಂದು ಬಗೆಯ ಗತ್ತು ಕೂಡ ಬೆಳೆದಿತ್ತು. ಬೇರೆಯವರ ಮನೆಯ ಸಾವಿನಲ್ಲಿ ನಾನು ಬಹಳ ಧೈರ್ಯವಂತೆ.

ಅಮ್ಮನ ಮನೆ ಕಾಪುವಿನಿಂದ ಶಿರ್ವಕ್ಕೆ ಹೋಗುವ ದಾರಿಯಲ್ಲಿ, ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ. ಹೆಂಚಿನ ಮಾಡಿನ ಮನೆ, ಮುಂದೆ ಒಂದು ಚಾವಡಿ, ಅಂಗಳದ ಮೂರು ಬದಿಗೂ ಮಲ್ಲಿಗೆ ಗಿಡ. ಅಪ್ಪ ಬಸ್ಸಿನ ಕಂಡಕ್ಟರ್ ಆಗಿದ್ದರು. ನಾವು ಶಾಲೆಗೆ ಹೋಗುವ ಪ್ರಾಯದಲ್ಲೇ ತೀರಿಕೊಂಡರು. ಆಮೇಲೆ ನಮ್ಮನ್ನು ಸಾಕಿದ್ದು ಮಲ್ಲಿಗೆ. ನಮ್ಮ ಕಡೆ ಅದನ್ನು ಅಟ್ಟೆಯ ಲೆಕ್ಕದಲ್ಲಿ ಮಾರುವುದು. ಬಾಳೆನಾರಿನಲ್ಲಿ ಕಟ್ಟಿದ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ. ಅದರ ದರ ದಿನಾ ಬೆಳಿಗ್ಗೆ ಬದಲಾಗುತ್ತದೆ. ಮದುವೆಯ ದಿನಗಳಲ್ಲಿ ಆಕಾಶಕ್ಕೆ ಹಾರುತ್ತದೆ, ಮದುವೆಯಿಲ್ಲದ ತಿಂಗಳಲ್ಲಿ ಅಂಗಳಕ್ಕೆ ಬೀಳುತ್ತದೆ. ಹೀಗೆ ಯಾರ್ಯಾರದೋ ಮದುವೆಯ ಪುಣ್ಯದಿಂದ ಅಮ್ಮ ಮೊದಲು ಎರಡು ಕೋಣೆ ಕಟ್ಟಿಸಿದಳು, ಆಮೇಲೆ ಅಡುಗೆಮನೆ, ಆಮೇಲೆ ಚಾವಡಿ. ಕಾನೂನಿನ ಮಾತಿನಲ್ಲಿ ಹೇಳುವುದಾದರೆ ಸ್ವಯಾರ್ಜಿತ. ಯಾರಿಗೆ ಬೇಕಾದರೂ ಕೊಡಬಹುದು, ಯಾರೂ ಕೇಳುವ ಹಾಗಿಲ್ಲ.

ನಾವು ಮೂವರು ಮಕ್ಕಳು. ನಾನು ದೊಡ್ಡವಳು. ತಂಗಿ ಜಯಂತಿ ಕಾರ್ಕಳದ ಪಕ್ಕದ ಕುಕ್ಕುಂದೂರಿನಲ್ಲಿ. ಅವಳ ಗಂಡನಿಗೆ ಅಲ್ಲಿ ಹಾರ್ಡ್‌ವೇರ್ ಅಂಗಡಿ. ಕೊನೆಯವನು ತಮ್ಮ ಪ್ರಕಾಶ, ಇಲೆಕ್ಟ್ರಿಶಿಯನ್. ಮಣಿಪಾಲದಲ್ಲಿ ಏಳುತ್ತಿದ್ದ ಕಟ್ಟಡವೊಂದಕ್ಕೆ ಅವನು ವಯರು ಎಳೆಯುತ್ತಿದ್ದಾಗ ಅದೇ ಕಟ್ಟಡದಲ್ಲಿ ಗದಗ ಕಡೆಯ ಮೇಸ್ತ್ರಿಯೊಬ್ಬರು ಗೋಡೆ ಎಬ್ಬಿಸುತ್ತಿದ್ದರು. ಅವರ ಮಗಳು ನೀಲವ್ವ ಮಧ್ಯಾಹ್ನ ಬುತ್ತಿ ತರುತ್ತಿದ್ದಳು. ಒಂದು ವರ್ಷದೊಳಗೆ ಪ್ರಕಾಶ ಮೀನು ಬಿಟ್ಟು ಜೋಳದ ರೊಟ್ಟಿಯ ಗುಣಗಾನ ಮಾಡತೊಡಗಿದಾಗ ಅಮ್ಮನಿಗೆ ವಿಷಯ ಅರ್ಥವಾಯಿತು. ಮದುವೆ ಮಾಡಿಸಿದಳು.

ಅತ್ತೆ ಸೊಸೆಗೆ ಮೊದಮೊದಲು ಒಬ್ಬರ ಮಾತು ಒಬ್ಬರಿಗೆ ತಿಳಿಯುತ್ತಿರಲಿಲ್ಲ. ಅಮ್ಮನದು ತುಳು, ಅವಳ ಕನ್ನಡ ಶಾಲೆಯಲ್ಲಿ ಕಲಿತದ್ದು, ಇಸ್ತ್ರಿ ಹಾಕಿದ ಬಟ್ಟೆಯ ಹಾಗೆ. ನೀಲವ್ವನ ಕನ್ನಡವೋ ಬಯಲುಸೀಮೆಯ ಗಾಳಿ. ಕ್ರಮೇಣ ಅಮ್ಮ ತುಳುವಿನಲ್ಲಿ ಕೇಳುವುದು, ಅವಳು ತನ್ನ ಕನ್ನಡದಲ್ಲಿ ಉತ್ತರಿಸುವುದು, ನಡುವೆ ಯಾರಿಗೂ ಗೊಂದಲವಿಲ್ಲ ಎಂಬಲ್ಲಿಗೆ ಬಂತು. ಬಂದ ಹೊಸತರಲ್ಲಿ ಮೀನಿನ ಬುಟ್ಟಿ ಕಂಡರೆ ಮೂಗು ಮುಚ್ಚಿಕೊಳ್ಳುತ್ತಿದ್ದವಳು ಆಮೇಲೆ ಬಂಗುಡೆಯ ಕಿವಿರು ಎತ್ತಿ ನೋಡಿ, ಮಾರುವವರ ಮುಖವನ್ನೂ ನೋಡಿ, ಬೇಡ ಎಂದು ವಾಪಸು ಕಳಿಸುವಷ್ಟು ಪಳಗಿದಳು. ಅಮ್ಮ ತನ್ನ ಹಲ್ಲಿಲ್ಲದ ಬಾಯಿಗೆ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವುದನ್ನು ಕಲಿತಳು.

ಆಮೇಲೆ ಪ್ರಕಾಶ ಹೋದ. ಕೆಲಸದ ಜಾಗದಲ್ಲೇ ಎದೆ ಹಿಡಿದುಕೊಂಡು ಕೂತವನು ಏಳಲಿಲ್ಲ. ಮಕ್ಕಳಿರಲಿಲ್ಲ. ನೀಲವ್ವನ ಅಣ್ಣಂದಿರು ಬಂದು ಕರೆದರು. ಅವಳು ಹೋಗಲಿಲ್ಲ. ಏಕೆ ಹೋಗಲಿಲ್ಲ ಎಂದು ನಾವ್ಯಾರೂ ಕೇಳಲೂ ಇಲ್ಲ. ಅವಳು ಹೋಗಿದ್ದರೆ ಅಮ್ಮನನ್ನು ನೋಡಿಕೊಳ್ಳುವವರು ಯಾರು ಎಂಬ ಪ್ರಶ್ನೆ ನನ್ನ ಮತ್ತು ಜಯಂತಿಯ ಬಾಗಿಲಿಗೆ ಬರುತ್ತಿತ್ತು. ಬರುವ ಪ್ರಶ್ನೆ ತಾನಾಗಿ ಬಾರದೆ ನಿಂತರೆ ಯಾರು ಅದನ್ನು ಕರೆದು ಕೂರಿಸುತ್ತಾರೆ? ಅವಳು ರವಿಕೆ ಹೊಲಿದಳು, ಮಲ್ಲಿಗೆ ಕೊಯ್ದಳು, ಅಮ್ಮನ ಕಾಲಿಗೆ ಎಣ್ಣೆ ತಿಕ್ಕಿದಳು. ವರ್ಷಗಳು ಹೋದವು.

ಎಂಬತ್ತು ದಾಟಿದ ಮೇಲೆ ಒಂದು ಭಾನುವಾರ ಅಮ್ಮ ನಮ್ಮಿಬ್ಬರನ್ನೂ ಊಟಕ್ಕೆ ಕರೆದಳು. ಬಂಗುಡೆಯ ಸಾರು ಬಡಿಸಿ ಮುಗಿದ ಮೇಲೆ, ನಾವು ಮುಳ್ಳು ಬಿಡಿಸುವುದರಲ್ಲಿ ಮಗ್ನರಾಗಿದ್ದಾಗ, ಹೇಳಿದಳು: "ನಾನೊಂದು ವೀಲು ಬರೆದಿಡಬೇಕು ಅಂತ ಇದ್ದೇನೆ. ಈ ಮನೆ ನೀಲುವಿಗೆ."

ಮುಳ್ಳು ಬಾಯಲ್ಲಿರುವಾಗ ಇಂಥ ಮಾತು ಆಡಬಾರದು. ಜಯಂತಿ ಕೆಮ್ಮಿದಳು. ನಾನು ನೀರು ಕೊಟ್ಟೆ. ಕೊಡುವ ಮೊದಲು ಅರ್ಧ ಲೋಟ ನಾನೇ ಕುಡಿದಿದ್ದೆ ಎಂಬುದನ್ನು ಆಗ ಯಾರೂ ಗಮನಿಸಲಿಲ್ಲ, ಈಗ ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಇಲ್ಲಿ ಸ್ವಲ್ಪ ಹಳೆಯ ಕಥೆ ಹೇಳಬೇಕು. ನಮ್ಮ ಕರಾವಳಿಯ ಎಷ್ಟೋ ಮನೆತನಗಳಲ್ಲಿ ಹಿಂದೆ ಇದ್ದದ್ದು ಅಳಿಯಸಂತಾನದ ಕಟ್ಟು. ಆಸ್ತಿ ಇಳಿಯುವುದು ಹೆಣ್ಣಿನ ದಾರಿಯಲ್ಲಿ: ತಾಯಿಯಿಂದ ಮಗಳಿಗೆ, ಅವಳಿಂದ ಅವಳ ಮಗಳಿಗೆ. ಗಂಡಸರು ಯಜಮಾನಿಕೆ ಮಾಡಬಹುದು, ಮೀಸೆ ತಿರುವಬಹುದು, ಆದರೆ ಅವರ ಹೆಂಡತಿ ಮಕ್ಕಳಿಗೆ ಅಲ್ಲಿ ಏನೂ ಇಲ್ಲ. ಕಾನೂನು ಬದಲಾಗಿ ಎಷ್ಟೋ ಕಾಲವಾಯಿತು. ಆದರೆ ಕಾನೂನು ಬದಲಾದಷ್ಟು ಬೇಗ ನಾಲಿಗೆ ಬದಲಾಗುವುದಿಲ್ಲ. ಅಮ್ಮನ ಮನೆ ಎಂದರೆ ಹೆಣ್ಣುಮಕ್ಕಳದು ಎಂದು ನಮ್ಮೊಳಗೆ ಎಲ್ಲೋ ಬರೆದುಬಿಟ್ಟಿರುತ್ತದೆ. ಸೊಸೆ ಬೇರೆ ಬಳಿಯವಳು, ಎಂದರೆ ಬೇರೆ ತಾಯಿಯ ಕುಲದವಳು. ಅವಳಿಗೆ ಮನೆ ಕೊಡುವುದೆಂದರೆ ನಮ್ಮ ಅಜ್ಜಿಯರ ಲೆಕ್ಕದಲ್ಲಿ ನದಿಯನ್ನು ಗುಡ್ಡಕ್ಕೆ ಹತ್ತಿಸಿದ ಹಾಗೆ.

ಜಯಂತಿ ಆ ಹಳೆಯ ಮಾತನ್ನೆಲ್ಲ ಎತ್ತಲಿಲ್ಲ. ಅವಳು ಕೇಳಿದ್ದು ಬೇರೆ. "ಅಮ್ಮ, ನನಗೆ ಮನೆ ಬೇಡ. ನನಗೆ ಬೇಕಾದಷ್ಟು ಉಂಟು. ಆದರೆ ನಾಳೆ ನೀನಿಲ್ಲದಾಗ ನಾನು ಈ ಮನೆಗೆ ಬಂದರೆ ಯಾರ ಮನೆಗೆ ಬಂದ ಹಾಗೆ? ನೆಂಟರ ಮನೆಗೆ ಬಂದ ಹಾಗೆ ಅಲ್ವಾ?"

ಅಮ್ಮ ಉತ್ತರ ಕೊಡುವ ಮೊದಲು ಅಡುಗೆಮನೆಯ ಬಾಗಿಲಿನಿಂದ ನೀಲವ್ವ ಮಾತಾಡಿದಳು. ನಮ್ಮೆಲ್ಲರಿಗಿಂತ ಹೆಚ್ಚು ಗಾಬರಿಯಾಗಿದ್ದವಳು ಅವಳೇ. "ನನಗ ಬ್ಯಾಡ್ರಿ ಅತ್ತಿ. ನಾಳೆ ಮಂದಿ ಏನಂತಾರ? ಮುದುಕೀನ ನೋಡ್ಕೊಂಡಿದ್ದು ಮನಿ ಸಲುವಾಗಿ ಅಂತಾರ. ಹಂಗ ಅನ್ನಿಸ್ಕೊಂಡು ಈ ಮನ್ಯಾಗ ನಾ ಹ್ಯಾಂಗ ಇರ್ಲಿ?"

ಅವಳ ಕಣ್ಣಲ್ಲಿ ನೀರಿತ್ತು. ಅಲ್ಲಿಯವರೆಗೆ ನಾನು ಮನೆ ಕಳೆದುಕೊಳ್ಳುವವರ ಕಡೆಯಿಂದ ಮಾತ್ರ ಲೆಕ್ಕ ಹಾಕಿದ್ದೆ. ಪಡೆದುಕೊಳ್ಳುವವರೂ ಏನನ್ನೋ ಕಳೆದುಕೊಳ್ಳಬಹುದು ಎಂದು ಹೊಳೆದಿರಲಿಲ್ಲ. ಪ್ರೀತಿಯಿಂದ ಮಾಡಿದ ಇಷ್ಟು ವರ್ಷದ ಕೆಲಸ ಒಂದೇ ಕಾಗದದಿಂದ ಸಂಬಳದ ಕೆಲಸವಾಗಿಬಿಡುತ್ತದೆಯೇ ಎಂದು ಅವಳ ಭಯ.

"ಜನ ಮಾತಾಡುವುದಕ್ಕೆ ಕಂದಾಯ ಕಟ್ಟಲಿಕ್ಕೆ ಉಂಟಾ? ಮಾತಾಡುತ್ತಾರೆ," ಎಂದಳು ಅಮ್ಮ. "ನೀನು ಕೂತು ಊಟ ಮಾಡು."

ವಕೀಲರ ಕಚೇರಿ ಉಡುಪಿಯಲ್ಲಿ, ಮೊದಲ ಮಹಡಿಯಲ್ಲಿ. ವಯಸ್ಸಾದವರೇ ಬರುವ ಕೆಲಸಕ್ಕೆ ಎಲ್ಲರೂ ಮಹಡಿಯ ಮೇಲೆಯೇ ಯಾಕೆ ಕಚೇರಿ ಇಡುತ್ತಾರೋ! ಅಮ್ಮ ಎರಡು ಮೆಟ್ಟಿಲಿಗೊಮ್ಮೆ ನಿಂತು, ಮರಣಶಾಸನ ಬರೆಯುವ ಮೊದಲೇ ಮರಣ ಬಂದರೆ ವಕೀಲರಿಗೆ ನಷ್ಟ ಎಂದು ನಗುತ್ತ ಹತ್ತಿದಳು.

ಮರಣಶಾಸನ! ಎಂಥ ಗಂಭೀರ ಶಬ್ದ ನೋಡಿ. ಉಯಿಲು ಎಂಬುದು ಇಂಗ್ಲಿಷಿನ ವಿಲ್ ನಮ್ಮ ಮಳೆಯಲ್ಲಿ ನೆನೆದು ಉಬ್ಬಿದ್ದು. ನಮ್ಮೂರಿನವರು ಅದಕ್ಕೊಂದು ಬಾಲ ಸೇರಿಸಿ ವೀಲುನಾಮೆ ಎನ್ನುತ್ತಾರೆ. ಆದರೆ ಮರಣಶಾಸನ ಎಂದ ಕೂಡಲೇ ಕಲ್ಲು ಕಾಣುತ್ತದೆ, ಉಳಿಯ ಸದ್ದು ಕೇಳುತ್ತದೆ. ನಮ್ಮ ಕಾರ್ಕಳದ ಕಡೆಗೂ ಹಳೆಯ ದಾನಶಾಸನಗಳು ಬೇಕಾದಷ್ಟಿವೆ. ಅಂಥವುಗಳ ಕೊನೆಗೆ ಸಾಮಾನ್ಯವಾಗಿ ಒಂದು ಶಾಪ ಇರುತ್ತದೆ: ಈ ದಾನವನ್ನು ಕೆಡಿಸಿದವರು ಹುಳುವಾಗಿ ಹುಟ್ಟಲಿ ಎಂದು. ಅರಸರಿಗೂ ಗೊತ್ತಿತ್ತು, ಕೊಡುವುದು ಸುಲಭ, ಕೊಟ್ಟದ್ದನ್ನು ಮಕ್ಕಳು ಮೊಮ್ಮಕ್ಕಳು ಕಿತ್ತುಕೊಳ್ಳದ ಹಾಗೆ ನೋಡಿಕೊಳ್ಳುವುದು ಕಷ್ಟ ಎಂದು. ಈಗಿನ ಮರಣಶಾಸನದಲ್ಲಿ ಹುಳುವಿಲ್ಲ. ಹುಳುವಿನ ಜಾಗದಲ್ಲಿ ಇಬ್ಬರು ಸಾಕ್ಷಿಗಳಿರುತ್ತಾರೆ.

ವಕೀಲರು ಸಣ್ಣ ಪ್ರಾಯದ ಹೆಂಗಸು, ಬಹಳ ತಾಳ್ಮೆಯವರು. ಅಮ್ಮನ ಮಾತನ್ನು ಪೂರ್ತಿ ಕೇಳಿ ಒಂದು ದಾರಿ ತೋರಿಸಿದರು. "ಅಮ್ಮ, ನೀವು ಹೀಗೂ ಮಾಡಬಹುದು. ನಿಮ್ಮ ಸೊಸೆಗೆ ಜೀವ ಇರುವವರೆಗೆ ವಾಸದ ಹಕ್ಕು. ಅವರ ನಂತರ ಮನೆ ನಿಮ್ಮ ಹೆಣ್ಣುಮಕ್ಕಳಿಗೆ ಅಥವಾ ಮೊಮ್ಮಕ್ಕಳಿಗೆ. ಯಾರಿಗೂ ಬೇಸರ ಇಲ್ಲ."

ನನಗೆ ಒಳಗೊಳಗೆ ಬಹಳ ಸಂತೋಷವಾಯಿತು. ಎಷ್ಟು ಸಮತೂಕದ ಮಾತು! ನ್ಯಾಯಕ್ಕೆ ನ್ಯಾಯ, ಲಾಭಕ್ಕೆ ಲಾಭ. ಜಯಂತಿಗೆ ಅಲ್ಲಿಂದಲೇ ಫೋನು ಮಾಡಿ ಹೇಳಿದೆ. ಅವಳೂ ಒಪ್ಪಿದಳು. ನಾನು ಅಮ್ಮನ ಕಡೆ ತಿರುಗಿ, "ಇದು ಒಳ್ಳೆಯದಲ್ವಾ?" ಎಂದೆ.

ಅಮ್ಮ ಮೇಜಿನ ಮೇಲಿದ್ದ ನೀರಿನ ಗ್ಲಾಸನ್ನು ಬದಿಗೆ ಸರಿಸಿದಳು. ಆಮೇಲೆ ವಕೀಲರಿಗೂ ತಿಳಿಯಲಿ ಎಂದು ತನ್ನ ಇಸ್ತ್ರಿ ಹಾಕಿದ ಕನ್ನಡದಲ್ಲಿಯೇ ಹೇಳಿದಳು: "ಅವಳು ಇರುವವರೆಗೆ ಅವಳಿಗೆ, ಆಮೇಲೆ ಇವರಿಗೆ. ಹಾಗೆಂದರೆ ಅವಳು ಯಾವಾಗ ಸಾಯುತ್ತಾಳೆ ಅಂತ ಇವರು ಕಾಯುತ್ತಾ ಇರಬೇಕು ಅಂತ ಅರ್ಥ ಅಲ್ಲವಾ? ನನ್ನ ಮಕ್ಕಳನ್ನು ಅಂಥ ಕೆಲಸಕ್ಕೆ ಕೂರಿಸಿ ನಾನು ಹೋಗುವುದಿಲ್ಲ. ಕೊಡುವುದಾದರೆ ಪೂರ್ತಿ ಕೊಡುವುದು."

"ಅವಳ ನಂತರ ಗದಗದವರಿಗೆ ಹೋದರೆ?" ಎಂದೆ. ನನ್ನ ಧ್ವನಿ ನನಗೇ ಸ್ವಲ್ಪ ಕೀಚಲಾಗಿ ಕೇಳಿಸಿತು.

"ಹೋಗಲಿ. ಗದಗದವರು ಎಂತ, ಮನುಷ್ಯರಲ್ಲವಾ? ಯಾರದ್ದಾದರೂ ಕೈಗೆ ಹೋಗಲೇಬೇಕು ಮಾರಾಯ್ತಿ. ಹೆಗಲ ಮೇಲೆ ಹೊತ್ತುಕೊಂಡು ಹೋಗಲಿಕ್ಕೆ ಆಗುವುದಿಲ್ಲ."

ವಕೀಲರು ನಕ್ಕು ಬರೆಯತೊಡಗಿದರು. ಸಾಕ್ಷಿಗಳ ಮಾತು ಬಂತು. ಒಬ್ಬರು ಕಚೇರಿಯ ಗುಮಾಸ್ತರು. ಇನ್ನೊಬ್ಬರು? "ಸಾಕ್ಷಿ ಹಾಕುವವರಿಗೆ ಇದರಲ್ಲಿ ಪಾಲು ಇಲ್ಲದಿರುವುದು ಒಳ್ಳೆಯ ಕ್ರಮ," ಎಂದು ವಕೀಲರು ನನ್ನ ಕಡೆ ನೋಡಿದರು. "ನಿಮಗೆ ಎಂತ ಉಂಟು?"

"ಎಂತದೂ ಇಲ್ಲ," ಎಂದೆ.

"ಹಾಗಾದರೆ ನೀವು ಆಗುತ್ತದೆ."

ಎಂತದೂ ಇಲ್ಲದಿರುವುದೇ ಒಂದು ಅರ್ಹತೆಯಾದದ್ದು ನನ್ನ ಜೀವಮಾನದಲ್ಲಿ ಅದೊಂದೇ ಸಲ. ನಾನು ಚಂದದ ಅಕ್ಷರದಲ್ಲಿ ಸಹಿ ಹಾಕಿದೆ.

ನೋಂದಣಿ ಕಚೇರಿಯಲ್ಲಿ ಅಮ್ಮನ ಹೆಬ್ಬೆರಳನ್ನು ಯಂತ್ರ ಒಪ್ಪಲಿಲ್ಲ. ಒರೆಸಿ ಇಟ್ಟರು, ಒತ್ತಿ ಇಟ್ಟರು, ಉಫ್ ಎಂದು ಊದಿ ಇಟ್ಟರು. ಇಷ್ಟು ವರ್ಷ ನಾರು ಎಳೆದು ಎಳೆದು ಬೆರಳಿನ ಗೆರೆಯೆಲ್ಲ ಸವೆದುಹೋಗಿತ್ತು. ಕೊನೆಗೆ ಕಿರುಬೆರಳು ಅಮ್ಮನನ್ನು ಅಮ್ಮನೇ ಎಂದು ಸಾಧಿಸಿಕೊಟ್ಟಿತು. ಅಲ್ಲಿದ್ದ ಅಧಿಕಾರಿ ನಿಯಮದ ಪ್ರಕಾರ ಕೇಳಿದರು: "ಅಮ್ಮ, ನಿಮ್ಮ ಇಷ್ಟದಿಂದಲೇ ಬರೆದದ್ದಲ್ವಾ? ಯಾರ ಒತ್ತಾಯವೂ ಇಲ್ಲ ತಾನೇ?"

"ಒತ್ತಾಯ ಉಂಟು," ಎಂದಳು ಅಮ್ಮ.

ಅಧಿಕಾರಿ ಎತ್ತಿದ ಮುದ್ರೆಯನ್ನು ಕೆಳಗಿಟ್ಟರು. ವಕೀಲರ ಮುಖ ಬಿಳಿಚಿಕೊಂಡಿತು. ಸಾಕ್ಷಿಯಾದ ನಾನು ಕಾಗದದ ಮೇಲಿದ್ದ ನನ್ನ ಸಹಿಯನ್ನು ಇನ್ನೊಮ್ಮೆ ನೋಡಿದೆ.

"ಬೇಡ ಬೇಡ ಅಂತ ಎಲ್ಲರದ್ದೂ ಒತ್ತಾಯ. ಮಗಳು ಬೇಡ ಅಂದಳು, ಸೊಸೆಯೂ ಬೇಡ ಅಂದಳು. ನಾನು ಕೇಳಲಿಲ್ಲ," ಎಂದು ಅಮ್ಮ ಮುಗಿಸಿದಳು. ಅಧಿಕಾರಿ ಮುದ್ರೆ ಒತ್ತುವಾಗಲೂ ನಗುತ್ತಿದ್ದರು.

ಹಿಂದೆ ಬರುವಾಗ ನಾನು ಬೇಕಾದದ್ದಕ್ಕಿಂತ ಹೆಚ್ಚು ಹಾರ್ನ್ ಹೊಡೆಯುತ್ತ ಕಾರು ಓಡಿಸಿದೆ. ಹೆದ್ದಾರಿಗೆ ಬಂದ ಮೇಲೆ ಅಮ್ಮ ಕೇಳಿದಳು, "ನಿನಗೆ ಬೇಜಾರು ಉಂಟಾ?"

"ಇಲ್ಲಮ್ಮ."

"ಉಂಟು. ಇರಲಿ. ಸ್ವಲ್ಪ ಬೇಜಾರು ಇರಬೇಕು. ಯಾರಿಗೂ ಬೇಜಾರೇ ಆಗದಿದ್ದರೆ ನಾನು ಕಟ್ಟಿಸಿದ ಮನೆಗೆ ಬೆಲೆ ಇಲ್ಲ ಅಂತ ಆಯಿತಲ್ಲ!"

ಅದಾದ ಮೇಲೆ ಅಮ್ಮ ಎರಡು ಮಳೆಗಾಲ ನೋಡಿದಳು. ಮೂರನೆಯದರ ಆರಂಭದಲ್ಲಿ, ಹೆಚ್ಚು ಕಾಡಿಸದೆ, ಮೂರು ದಿನ ಮಲಗಿ ಹೊರಟುಹೋದಳು. ಅಸ್ಥಿಯನ್ನು ಕಾಪುವಿನ ಕಡಲಿಗೆ ಬಿಡಲು ಒಂದು ಬೆಳಗು ಸಾಕಾಯಿತು. ಆಸ್ತಿಗೆ ಒಂದು ವರ್ಷ ದಾಟಿತು. ಒಂದು ದೀರ್ಘಕ್ಕೆ ಇಷ್ಟು ಉದ್ದ ಇರುತ್ತದೆ ಎಂದು ನನ್ನ ಕನ್ನಡ ಪಂಡಿತರು ಹೇಳಿರಲಿಲ್ಲ.

ಮನುಷ್ಯರು ಒಂದೇ ಸಲ ಸಾಯುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗ. ಪಂಚಾಯತಿನಲ್ಲಿ ಅಮ್ಮ ತೀರಿಕೊಂಡಿದ್ದಳು. ಗ್ಯಾಸಿನ ಕಂಪೆನಿಯಲ್ಲಿ ಇನ್ನೂ ಇದ್ದಳು. ಬ್ಯಾಂಕಿನವರು ಅವಳನ್ನು ಕಳಿಸಿಕೊಟ್ಟ ಮೇಲೂ ಕರೆಂಟಿನ ಬಿಲ್ಲು ಅವಳ ಹೆಸರಿಗೇ ಬರುತ್ತಿತ್ತು. ಪಡಿತರ ಚೀಟಿಯಿಂದ ಹೆಸರು ತೆಗೆಸಿ ಬಂದ ದಿನವೇ ಅವಳ ಮೊಬೈಲಿಗೆ, ಹೊಸ ರೀಚಾರ್ಜು ಮಾಡಿಸಿ ಸುಖವಾಗಿರಿ ಎಂಬ ಸಂದೇಶ ಬಂತು. ಪ್ರತಿ ಕಚೇರಿಯಲ್ಲೂ ನಾನೇ ಅವಳನ್ನು ಇನ್ನೊಮ್ಮೆ ಸಾಯಿಸಬೇಕು. ಬೇರೆಯವರಿಗೆ ಇದನ್ನೆಲ್ಲ ಬಾಯಿಪಾಠ ಒಪ್ಪಿಸುತ್ತಿದ್ದ ನಾನು ಅಮ್ಮನ ಹೆಸರಿನ ಮುಂದೆ 'ದಿವಂಗತ' ಎಂದು ಬರೆಯುವಾಗ ಮೊದಲ ಸಲ ಪೆನ್ನು ಸರಿಯಿಲ್ಲ ಎಂದು ಪಕ್ಕದವರ ಪೆನ್ನು ಕೇಳಿದೆ. ಅವರ ಪೆನ್ನೂ ಸರಿಯಿರಲಿಲ್ಲ.

ಆದರೂ ಒಂದೊಂದೇ ಕೆಲಸ ಮುಗಿಯಿತು. ಉಳಿದದ್ದು ಮನೆಯ ಖಾತೆ ನೀಲವ್ವನ ಹೆಸರಿಗೆ ಆಗುವುದು. ಮರಣಶಾಸನ ನೋಂದಣಿಯಾಗಿತ್ತು, ಆದರೂ ಹೆಣ್ಣುಮಕ್ಕಳಿಬ್ಬರ ಆಕ್ಷೇಪ ಇಲ್ಲ ಎಂಬ ಸಹಿ ಇದ್ದರೆ ಕೆಲಸ ಸಲೀಸು ಎಂದರು. ನನ್ನದು ಹಾಕಿದೆ. ಜಯಂತಿಯದು ಬೇಕು.

ಕುಕ್ಕುಂದೂರಿಗೆ ಹೋದೆ. ಜಯಂತಿ ಚಹಾ ಕೊಟ್ಟಳು, ಮಕ್ಕಳ ಸುದ್ದಿ ಹೇಳಿದಳು, ಕಾಗದವನ್ನು ಮುಟ್ಟಲಿಲ್ಲ. ಒತ್ತಾಯಿಸಿದಾಗ ಹೇಳಿದಳು: "ಅಕ್ಕ, ನಾನು ಕೋರ್ಟಿಗೆ ಹೋಗುವವಳಲ್ಲ. ಮನೆ ಅವಳೇ ಇಟ್ಟುಕೊಳ್ಳಲಿ. ಆದರೆ ನನಗೇನೂ ಇಲ್ಲ ಅಂತ ನನ್ನ ಕೈಯಲ್ಲೇ ಬರೆದುಕೊಡು ಅಂತ ಹೇಳಬೇಡ. ಅಮ್ಮ ಹೋದ ಮೇಲೆ ಅದೊಂದು ಉಳಿದಿದೆ ನನಗೆ, ಸಹಿ ಹಾಕದಿರುವುದು."

ನಾನು ಕಾಗದವನ್ನು ಫೈಲಿಗೆ ಸೇರಿಸಿಕೊಂಡು ವಾಪಸು ಬಂದೆ. ಅವಳು ಮೊದಲು ತಿಂಗಳಿಗೊಮ್ಮೆ ಕಾಪುವಿಗೆ ಬರುತ್ತಿದ್ದವಳು ಬರುವುದನ್ನೇ ಬಿಟ್ಟಿದ್ದಳು. ಅಮ್ಮನ ವರ್ಷದ ತಿಥಿಗೆ ಬಂದವಳು ಚಾವಡಿಯ ಕುರ್ಚಿಯಲ್ಲಿ ಕೂತು, ಬಡಿಸಿದ್ದನ್ನು ಉಂಡು, ಅಡುಗೆಮನೆಗೆ ಇಣುಕದೆ ಹೊರಟಳು. ತಾನು ಬೆಳೆದ ಮನೆಯಲ್ಲಿ ನೀರು ಬೇಕಾದರೆ ಕೇಳಿ ಕುಡಿದಳು. ನೀಲವ್ವ ಲೋಟ ತಂದುಕೊಟ್ಟಾಗ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಆ ಶ್ರಾವಣದಲ್ಲಿ, ಪಂಚಮಿಗೆ ನಾಲ್ಕು ದಿನ ಇದೆ ಎನ್ನುವಾಗ, ನೀಲವ್ವನ ಫೋನು ಬಂತು. "ಅಕ್ಕಾರ, ಕಾರ್ಕಳಕ್ಕ ಹೋಗಿ ಬರೂಣೇನ್ರಿ?"

ಸರಿ, ಸಹಿಯ ವಿಷಯ ತಾನೇ ಮಾತಾಡಿ ಮುಗಿಸುತ್ತಾಳೆ ಎಂದುಕೊಂಡು ನಾನು ಕಾಗದಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಎರಡು ಪೆನ್ನು ಇಟ್ಟುಕೊಂಡು, ಕಾಪುವಿಗೆ ಹೋಗಿ ಅವಳನ್ನು ಹತ್ತಿಸಿಕೊಂಡೆ. ಅವಳ ತೊಡೆಯ ಮೇಲೆ ಒಂದು ಸ್ಟೀಲಿನ ಡಬ್ಬಿ. ದಾರಿಯುದ್ದಕ್ಕೂ ಮಳೆ. ಜಯಂತಿಯ ಮನೆಯ ಮುಂದೆ ನಾನು ಕವರು ಹಿಡಿದುಕೊಂಡು ಇಳಿಯುವುದನ್ನು ಕಂಡು ನೀಲವ್ವ ಹೇಳಿದಳು: "ಅದನ್ನ ಕಾರಿನ್ಯಾಗ ಇಡ್ರಿ ಅಕ್ಕಾರ. ಹಬ್ಬಕ್ಕ ಕರಿಯಾಕ ಹೋಗೋರು ಯಾರಾರ ಕಾಗದ ಹಿಡ್ಕೊಂಡು ಹೋಗ್ತಾರೇನ್ರಿ?"

ಅವರ ಸೀಮೆಯಲ್ಲಿ ನಾಗರಪಂಚಮಿ ಹೆಣ್ಣುಮಕ್ಕಳ ಹಬ್ಬ. ಮದುವೆಯಾದವರನ್ನು ಅಣ್ಣತಮ್ಮಂದಿರು ಬಂದು ತವರಿಗೆ ಕರೆದುಕೊಂಡು ಹೋಗುತ್ತಾರೆ. ಉಂಡಿ ಕಟ್ಟುತ್ತಾರೆ, ಜೋಕಾಲಿ ಕಟ್ಟುತ್ತಾರೆ. ನಮ್ಮ ಕಡೆ ಹೆಚ್ಚುಕಡಿಮೆ ಅದೇ ಹೊತ್ತಿಗೆ ಆಟಿ ತಿಂಗಳು. ಹೊಸದಾಗಿ ಮದುವೆಯಾದವಳನ್ನು ತವರಿಗೆ ಕರೆಯುವುದು ನಮ್ಮ ಕ್ರಮ. ಎಲ್ಲಿಯ ಗದಗ, ಎಲ್ಲಿಯ ಕಾಪು? ಮಳೆಗಾಲದಲ್ಲಿ ಹೆಣ್ಣುಮಕ್ಕಳಿಗೆ ಅಮ್ಮನ ಮನೆ ನೆನಪಾಗುತ್ತದೆ ಎಂಬುದು ಎರಡೂ ಕಡೆಯವರಿಗೆ ಬೇರೆ ಬೇರೆಯಾಗಿ ತಿಳಿದಿತ್ತು.

ಜಯಂತಿ ಬಾಗಿಲು ತೆರೆದು ನಮ್ಮಿಬ್ಬರನ್ನು ಒಟ್ಟಿಗೆ ಕಂಡು ಮುಖ ಬಿಗಿದುಕೊಂಡಳು. ನೀಲವ್ವ ಒಳಗೆ ಬರಲಿಲ್ಲ. ಹೊಸ್ತಿಲಿನ ಹೊರಗೆ ನಿಂತು, ಸೆರಗು ತಲೆಯ ಮೇಲೆ ಎಳೆದುಕೊಂಡು, ಡಬ್ಬಿ ಮುಂದೆ ಹಿಡಿದಳು. "ಪಂಚಮಿಗೆ ಕರಿಯಾಕ ಬಂದೀನ್ರಿ ಅಕ್ಕಾರ."

"ಎಂತ ಕರೆಯುವುದು? ಯಾರು ಕರೆದದ್ದು?"

"ನಾನ ರೀ. ಇನ್ನ್ಯಾರದಾರ ಆ ಮನ್ಯಾಗ ಕರಿಯಾಕ? ನಿಮ್ಮ ತಮ್ಮ ಇದ್ದಿದ್ರ ಅವರು ಬರ್ತಿದ್ರು. ಅವರಿಲ್ಲ. ಅತ್ತಿನೂ ಇಲ್ಲ. ಮನಿ ನನಗ ಕೊಟ್ಟು ಹೋದರ, ಮನೀ ಕೂಡ ಕರಿಯೂ ಕೆಲಸಾನೂ ನನಗ ಬಂತಲ್ರಿ? ನೀವು ಬರೂದಿಲ್ಲ ಅಂದ್ರ ಆ ಮನಿ ತಗೊಂಡು ನಾ ಏನ್ ಮಾಡ್ಲಿ?"

ಜಯಂತಿ ಹೊಸ್ತಿಲು ದಾಟಿ ಹೊರಗೆ ಬಂದಳು. ಡಬ್ಬಿಗೆ ಕೈ ಚಾಚಿದವಳು ಡಬ್ಬಿಯನ್ನೂ ಹಿಡಿದ ಕೈಯನ್ನೂ ಒಟ್ಟಿಗೆ ಹಿಡಿದುಕೊಂಡಳು. "ಮದುವೆಯಾದ ವರ್ಷ ಆಟಿಗೆ ಕರೆದದ್ದು ಬಿಟ್ಟರೆ ನನ್ನನ್ನು ಯಾರೂ ಹೀಗೆ ಬಾಗಿಲಿಗೆ ಬಂದು ಕರೆದದ್ದಿಲ್ಲ ಮಾರಾಯ್ತಿ," ಎಂದು ಅಳತೊಡಗಿದಳು. ನೀಲವ್ವನೂ ಅತ್ತಳು. ದಾಖಲೆ ವಿಭಾಗದ ನಿವೃತ್ತ ಅಧಿಕಾರಿಣಿ ಕೊಡೆ ಮಡಚುವ ನೆವದಲ್ಲಿ ಆಚೆ ತಿರುಗಿದಳು.

ಪಂಚಮಿಯ ದಿನ ನಾವು ಅಕ್ಕತಂಗಿ ಇಬ್ಬರೂ ಕಾಪುವಿಗೆ ಹೋದೆವು. ಮಳೆ ಬಿಡದ ಕಾರಣ ನೀಲವ್ವ ಜೋಕಾಲಿಯನ್ನು ಚಾವಡಿಯ ತೊಲೆಗೇ ಕಟ್ಟಿದ್ದಳು. ಮೊಣಕಾಲು ನೋವಿನ ಜಯಂತಿ ಮೊದಲು ಬೇಡವೆಂದಳು, ಆಮೇಲೆ ಮೆಲ್ಲ ದೂಡು ಎಂದಳು, ಆಮೇಲೆ ಇಷ್ಟು ಮೆಲ್ಲ ದೂಡಿದರೆ ಅದು ಜೋಕಾಲಿಯಾ ಎಂದಳು. ಮಧ್ಯಾಹ್ನ ಅಡುಗೆಮನೆಗೆ ತಾನೇ ಹೋಗಿ, ಸಾರಿಗೆ ಹುಳಿ ಸಾಲದು ಎಂದು ಹುಣಸೆ ಹಿಂಡಿದಳು. ಊಟವಾದ ಮೇಲೆ ನನ್ನನ್ನು ಕೇಳಿದಳು, "ಎಲ್ಲಿ ಅಕ್ಕ, ನಿನ್ನ ಆ ಕಾಗದ?" ತಂದುಕೊಟ್ಟೆ. ಓದದೆ ಸಹಿ ಹಾಕಿ, ಪೆನ್ನನ್ನು ತಲೆಗೆ ಸಿಕ್ಕಿಸಿಕೊಂಡು, ಎಲೆ ತೆಗೆಯಲು ಎದ್ದಳು.

ನನ್ನ ಗಂಡ ಈಗ, ನಾವೂ ಒಂದು ಬರೆದಿಡುವುದು ಒಳ್ಳೆಯದಲ್ವಾ ಎನ್ನುತ್ತಾರೆ. ಬರೆಯೋಣ. ಯಾರಿಗೆ ಎಂತ ಕೊಡುವುದು ಎಂಬುದು ನನಗೆ ಚಿಂತೆಯಲ್ಲ, ಅದನ್ನು ವಕೀಲರು ಬರೆದುಕೊಡುತ್ತಾರೆ. ಕೊಟ್ಟ ಮೇಲೆ ಅವರಲ್ಲಿ ಯಾರು ಯಾರನ್ನು ಊಟಕ್ಕೆ ಕರೆದಾರು ಎಂಬುದನ್ನೇ ಈಗ ಕೂತು ಯೋಚಿಸುತ್ತಿದ್ದೇನೆ. ಅಮ್ಮ ಇದನ್ನು ಮೊದಲೇ ಯೋಚಿಸಿದ್ದಳೋ ಇಲ್ಲವೋ ಗೊತ್ತಿಲ್ಲ. ಕೇಳಿದ್ದರೆ, ಹೌದು ಎಂದೇ ಹೇಳುತ್ತಿದ್ದಳು.

ಆ ಸಂಜೆ ಹೊರಡುವಾಗ ನೀಲವ್ವ ನಮ್ಮಿಬ್ಬರಿಗೂ ಒಂದೊಂದು ಡಬ್ಬಿ ಶೇಂಗಾ ಉಂಡಿ ಕೊಟ್ಟಳು. ನಾನು ಕಾರು ಸ್ಟಾರ್ಟ್ ಮಾಡಿದ್ದೆ. ಜಯಂತಿ ಗೇಟಿನ ಹತ್ತಿರ ನಿಂತು ಎರಡೂ ಡಬ್ಬಿಗಳನ್ನು ಕೈಯಲ್ಲಿ ತೂಗಿ ನೋಡಿದಳು.

"ಇದೆಂತ ನೀಲು? ಅಕ್ಕನಿಗೆ ಜಾಸ್ತಿ ಹಾಕಿದ್ದೀ."

"ಇಲ್ರೀ ಅಕ್ಕಾರ, ಎಣಿಸಿ ಹಾಕೀನಿ."

"ಸುಳ್ಳು. ತೆಗೆ, ಇಲ್ಲಿಯೇ ಎಣಿಸುವ."

ಮನೆಗೆ ಸಹಿ ಹಾಕುವಾಗ ತುಟಿ ಬಿಚ್ಚದವಳು ಉಂಡಿಯ ಪಾಲಿಗಾಗಿ ಮಳೆಯಲ್ಲಿ ನಿಂತು ವಾದ ಹೂಡಿದ್ದಳು. ನೀಲವ್ವನೂ ಬಿಡುವವಳಲ್ಲ. ಒಂದೇ ಕೊಡೆಯ ಕೆಳಗೆ ಇಬ್ಬರೂ ಡಬ್ಬಿ ತೆರೆದು ಎಣಿಸತೊಡಗಿದರು, ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಶುರು ಮಾಡಿದರು. ನಾನು ಕಾರನ್ನು ಆಫ್ ಮಾಡಿ ಕೂತೆ. ತವರಿನ ಜಗಳಕ್ಕೆ ಅವಸರ ಮಾಡಬಾರದು.